ಇಂಜಿನ್ ಓಡುವಾಗ ಮಾತ್ರ

ಬೋಟ್ ಯಾರ್ಡಿನ ಹಿಂದಿನ ಕೋಣೆ
ಹದಿನೇಳನೇ ತಾರೀಕು, ಮಂಗಳವಾರ

ಪ್ರೀತಿಯ ಅತ್ತಿಗೆ,

ಲಕೋಟೆಯ ಮೇಲಿನ ಅಕ್ಷರ ಯಾರದೆಂದು ತಿಳಿದ ಮೇಲೂ ನೀವು ಇದನ್ನು ಒಡೆದಿದ್ದರೆ, ದಯವಿಟ್ಟು ಕೊನೆಯವರೆಗೆ ಓದಿ. ಅಣ್ಣ ತೀರಿಕೊಂಡ ದಿನ ನೀವು ನನ್ನನ್ನು ಬಾಗಿಲಲ್ಲೇ ತಡೆದು, "ಅವರು ಬದುಕಿದ್ದಾಗ ಅವರ ಪರವಾಗಿ ಒಂದು ಮಾತಾಡಲಿಲ್ಲ, ಈಗ್ಯಾಕೆ ಬಂದೆ?" ಎಂದು ಕೇಳಿದಿರಿ. ಆ ಒಂದು ಮಾತನ್ನು ಈಗ ಬರೆಯುತ್ತಿದ್ದೇನೆ. ಎಂಟು ತಿಂಗಳು ತಡವಾಗಿ.

ಅಣ್ಣ ಹೇಳಿದ್ದು ನಿಜ. ಅವನು ಸಕಾಲಕ್ಕೆ ವೇಗ ಇಳಿಸುವ ಲಿವರ್ ಎಳೆದಿದ್ದ. ಇಂಜಿನ್ ಕೇಳಲಿಲ್ಲ.

ಅವನ ಲಾಂಚ್ ಜೆಟ್ಟಿಗೆ ಬಡಿದು, ಇಳಿಯಲು ಮುಂದೆ ನಿಂತಿದ್ದ ಆ ನರ್ಸ್ ಸತ್ತಾಗ ಅವನು ಎಲ್ಲರಿಗೂ ಹೇಳಿದ್ದು ಒಂದೇ: "ಪರದೆ ಕಪ್ಪಾಯ್ತು. ಲಿವರ್ ಎಳೆದೆ, ವೇಗ ಇಳೀಲಿಲ್ಲ. ಕೆಂಪು ಬಟನ್ ಒತ್ತಿ ಇಂಜಿನ್ನೇ ನಿಲ್ಲಿಸಿದೆ. ಅಷ್ಟ್ರಲ್ಲಿ ಜೆಟ್ಟಿ ಬಂದೇಬಿಡ್ತು." ನೀರಿನ ಮೇಲೆ ಬ್ರೇಕ್ ಎಂಬುದಿಲ್ಲವಲ್ಲ. ಆಮೇಲೆ ಕಂಪನಿಯವರು ಇಂಜಿನ್ ಚಾಲೂ ಮಾಡಿ ನೋಡಿದರೆ ಪರದೆ ಸರಿ, ಲಿವರ್ ಸರಿ. ತೂಕಡಿಸಿದ್ದಾನೆ ಎಂದರು. ಲೈಸೆನ್ಸ್ ಹೋಯಿತು. ಇಪ್ಪತ್ತೆರಡು ವರ್ಷ ಲಾಂಚ್ ನಡೆಸಿದವನು ಮರದ ಡಿಪೋ ಕಾಯಲು ಹೋದ.

ನನ್ನ ಕೆಲಸದ ಬಗ್ಗೆ ನಿಮಗೆ ನಾನೆಂದೂ ಸರಿಯಾಗಿ ಹೇಳಿಲ್ಲ. ಈ ಲಾಂಚುಗಳಲ್ಲಿ ಲಿವರ್ ಎಳೆದರೆ ಹಳೇ ಕಾಲದ ಹಾಗೆ ಉಕ್ಕಿನ ತಂತಿ ಇಂಜಿನ್ನನ್ನು ಎಳೆಯುವುದಿಲ್ಲ. ಹಳದಿ, ಹಸಿರು ಬಣ್ಣದ ಎರಡು ತೆಳು ವೈರುಗಳು ಒಂದಕ್ಕೊಂದು ಹೆಣೆದುಕೊಂಡು ಕೆಳಗಿಳಿಯುತ್ತವೆ. ‘ನಿಧಾನ ಮಾಡು’, ‘ಹಿಂದಕ್ಕೆ ಬಾ’ ಎಂಬ ಆಜ್ಞೆ ಅವುಗಳಲ್ಲೇ ಹೋಗಬೇಕು; ಇಂಜಿನ್ನಿನ ವೇಗ, ಬಿಸಿ ಅವುಗಳಲ್ಲೇ ಮೇಲೆ ಬಂದು ಪರದೆಯಲ್ಲಿ ಕಾಣಬೇಕು. ಆ ಜೋಡಿ ಕೆಟ್ಟರೆ ಆ ಇಂಜಿನ್ ಕೊನೆಗೆ ಕೇಳಿಸಿಕೊಂಡ ವೇಗದಲ್ಲೇ ಓಡುತ್ತಿರುತ್ತದೆ.

ಅಪಘಾತದ ಮರುದಿನ ಆ ವೈರುಗಳನ್ನು ಪರೀಕ್ಷಿಸಲು ಯಾರ್ಡಿನವರು ನನ್ನನ್ನೇ ಕಳಿಸಿದರು. ನಾನು ಆಗಲೇ ಒಲ್ಲೆ ಎನ್ನಬೇಕಿತ್ತು. ಇಂಜಿನ್ ನಿಂತಿತ್ತು, ತಣ್ಣಗಿತ್ತು. ಮೀಟರ್ ಹಿಡಿದೆ. ಅರವತ್ತು ಓಮ್ ತೋರಿಸಿತು. ಜೋಡಿಯ ಎರಡೂ ತುದಿ ನೆಟ್ಟಗಿದ್ದರೆ ಬರಬೇಕಾದದ್ದು ಅದೇ. ‘ವೈರಿಂಗ್ ಸರಿಯಿದೆ’ ಎಂದು ಬರೆದು ಸಹಿ ಹಾಕಿದೆ. ಇಪ್ಪತ್ತು ನಿಮಿಷದ ಕೆಲಸ.

ಲಾಂಚ್ ಮೂರು ವರ್ಷದ ಹತ್ತಿರ ದಡದ ಮೇಲೆ ಬಿದ್ದಿತ್ತು. ತಳ ರಿಪೇರಿಯಾಗಿ ನೀರಿಗಿಳಿದು ಆರು ವಾರವಾಗಿದೆ. ಮೂರು ವಾರದ ಹಿಂದೆ ನಡುನೀರಿನಲ್ಲಿ ಅದರ ಪರದೆ ಮತ್ತೆ ಕಪ್ಪಾಯಿತು. ಅದೃಷ್ಟಕ್ಕೆ ಎದುರಿಗೆ ಏನೂ ಇರಲಿಲ್ಲ. ಹೊಸ ಚಾಲಕ ಬೆವರು ಒರೆಸಿಕೊಳ್ಳುತ್ತಾ ಬಂದು, "ಮೇಡಂ, ಲಿವರ್ ಎಳೆದೆ, ಅದು ಜಪ್ಪಯ್ಯ ಅನ್ಲಿಲ್ಲ. ನಾನೇನೂ ಕಥೆ ಕಟ್ತಿಲ್ಲ" ಎಂದ. ಅತ್ತಿಗೆ, ಅದು ಅಣ್ಣನದೇ ಮಾತು.

ಆದರೂ ಮೊದಲು ಮಾಡಿದ್ದು ಹಳೇ ಅಭ್ಯಾಸವನ್ನೇ. ಇಂಜಿನ್ ನಿಲ್ಲಿಸಿ ಮೀಟರ್ ಹಿಡಿದೆ. ಅರವತ್ತು. ಪೆಟ್ಟಿಗೆ ಮುಚ್ಚುವುದರಲ್ಲಿದ್ದೆ. ಆ ಚಾಲಕ, "ನಿಂತಾಗ ಎಲ್ಲಾ ಸರೀನೇ ಇರುತ್ತೆ ಮೇಡಂ. ಕೈಕೊಡೋದು ಓಡುವಾಗಲ್ವಾ?" ಎಂದ. ಅಷ್ಟು ಸಣ್ಣ ಮಾತು. ಮೂರು ವರ್ಷದ ಹಿಂದೆ ನನಗೆ ನಾನೇ ಹೇಳಿಕೊಳ್ಳಬಹುದಾಗಿದ್ದ ಮಾತು.

ಲಾಂಚನ್ನು ಹಗ್ಗದಿಂದ ಜೆಟ್ಟಿಗೆ ಬಿಗಿದು, ಗೇರ್ ಬಿಡಿಸಿ ಇಂಜಿನ್ ಚಾಲೂ ಮಾಡಿಸಿದೆ. ಎರಡೂ ವೈರುಗಳಲ್ಲಿ ಎರಡೂವರೆ ವೋಲ್ಟ್ ಆಸುಪಾಸು, ಇರಬೇಕಾದ ಹಾಗೆಯೇ. ವೇಗ ಏರಿಸಿದೆವು. ಒಂದು ಹಂತದಲ್ಲಿ ನೆಲವೆಲ್ಲ ನಡುಗತೊಡಗಿತು. ಮೀಟರಿನ ಅಂಕಿ ಧೊಪ್ಪನೆ ಸೊನ್ನೆಗೆ ಬಿತ್ತು. ಮೇಲಿನಿಂದ ಚಾಲಕ, "ಹೋಯ್ತು! ಹೋಯ್ತು!" ಎಂದು ಕೂಗಿದ. ಅವನು ಲಿವರನ್ನು ಪೂರ್ತಿ ಕೆಳಗೆ ಎಳೆದರೂ ಇಂಜಿನ್ ಅದೇ ವೇಗದಲ್ಲಿ ಅರಚುತ್ತಿತ್ತು. ಕೆಂಪು ಬಟನ್ ಒತ್ತಬೇಕಾಯಿತು.

ಒಂದೊಂದೇ ಕನೆಕ್ಟರ್ ಬಿಚ್ಚಿ ನೋಡಿದೆ. ತುಕ್ಕಿಲ್ಲ, ನೀರಿಲ್ಲ. ವೈರು ಕಬ್ಬಿಣಕ್ಕೆ ತಾಗಿದರೆ ಕೂಗುವಂತೆ ಮೀಟರ್ ಇಟ್ಟು, ವೈರಿನ ಕಂತೆಯನ್ನು ಗೇಣುಗೇಣಾಗಿ ಕೈಯಿಂದ ಅಲುಗಿಸುತ್ತಾ ಹೋದೆ. ಇಂಜಿನ್ನಿನ ಹಿಂಬದಿ, ಹೊಗೆ ಕೊಳವೆಯ ಕೆಳಗೆ, ಕೈ ಮಾತ್ರ ಹೋಗುವ ಜಾಗದಲ್ಲಿ ಮೀಟರ್ ಕಿರುಗುಟ್ಟಿತು. ಸಣ್ಣ ಕನ್ನಡಿ ತೂರಿಸಿ ಬೆಳಕು ಬಿಟ್ಟೆ. ಕಬ್ಬಿಣದ ಪಟ್ಟಿಯ ಅಂಚು ಹಳದಿ ವೈರಿನ ಸಿಪ್ಪೆಯನ್ನು ತಿಂದುಹಾಕಿತ್ತು. ಎಳ್ಳುಕಾಳಿನಷ್ಟು ತಾಮ್ರ ಹೊಳೆಯುತ್ತಿತ್ತು. ಇಂಜಿನ್ ನಿಂತಾಗ ಅದಕ್ಕೂ ಕಬ್ಬಿಣಕ್ಕೂ ನಡುವೆ ಒಂದು ನೂಲೆಳೆ ಅಂತರ. ನಡುಗಿದಾಗ ತಾಗುತ್ತಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಸುಲಭವಿತ್ತು. ಈ ಪತ್ರವನ್ನು ಎರಡು ಸಲ ಇಲ್ಲಿಗೇ ಮುಗಿಸಿ ಹರಿದಿದ್ದೇನೆ.

ಆ ಕಂತೆಯನ್ನು ಅಲ್ಲಿ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಲಾಗಿತ್ತು; ಬಿಸಿಗೆ ಅದು ಸಡಿಲಾಗಿ ಕಂತೆ ಕಬ್ಬಿಣದ ಅಂಚಿಗೆ ಜೋತುಬಿದ್ದಿತ್ತು. ಕಟ್ಟಿದವಳು ನಾನು. ಅಪಘಾತಕ್ಕೆ ಐದು ತಿಂಗಳು ಮೊದಲು ಇಂಜಿನ್ ಬಿಚ್ಚಿ ಕೂರಿಸಿದಾಗ ವೈರಿಂಗ್ ನನ್ನದೇ. ಬಿಸಿಯಿರುವ ಕಡೆ ರಬ್ಬರ್ ಹಾಸಿನ ಉಕ್ಕಿನ ಕ್ಲಿಪ್ ಹಾಕಬೇಕು. ಸ್ಟೋರಿನಲ್ಲಿ ಇರಲಿಲ್ಲ. ‘ಸದ್ಯಕ್ಕೆ ಇದಿರಲಿ’ ಎಂದು ಪ್ಲಾಸ್ಟಿಕ್ ಸುತ್ತಿದೆ. ಆಮೇಲೆ ಮರೆತೆ. ಪಟ್ಟಿಯ ಬಾಲವನ್ನು ಓರೆಯಾಗಿ ಕತ್ತರಿಸುವವಳು ಯಾರ್ಡಿನಲ್ಲಿ ನಾನೊಬ್ಬಳೇ. ಬೇರೆಯವರ ಮೇಲೆ ಹಾಕೋಣವೆಂದರೂ ದಾರಿಯಿರಲಿಲ್ಲ.

ನಿಮಗೆ ನೆನಪಿದೆಯೋ ಇಲ್ಲವೋ, ನಿಮ್ಮ ಮನೆಯಲ್ಲಿ ಒಂದು ಸಂಜೆ ಊಟಕ್ಕೆ ಕೂತಾಗ ಅಣ್ಣ, "ನಮ್ ಲಾಂಚಿನ ಪರದೆ ಆಗಾಗ ಕಣ್ಣು ಮಿಟುಕಿಸ್ತಿದೆ ಕಣೇ" ಎಂದ. ನಾನು, "ನಿನ್ನ ಮೀಸೆ ನೋಡಿ ಮರುಳಾಗಿರಬೇಕು, ಅತ್ತಿಗೆ ಹುಷಾರು" ಎಂದೆ. ಮೂವರೂ ನಕ್ಕೆವು. ಅವನು ಎಲ್ಲರಿಗಿಂತ ಜೋರಾಗಿ ನಕ್ಕ. ಮತ್ತೆ ಆ ವಿಷಯ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಅಪಘಾತಕ್ಕೆ ಆಗ ಹತ್ತು ದಿನವಿತ್ತು.

ಯಾರ್ಡಿನ ಮೇಸ್ತ್ರಿಗೆ ತೋರಿಸಿದೆ. "ಹೋದವರು ಹೋದ್ರು. ಹಳೇ ಗಾಯ ಯಾಕಮ್ಮ ಕೆರೀತೀಯ? ವೈರ್ ಬದಲಾಯಿಸಿ ಕೈ ತೊಳ್ಕೋ" ಎಂದರು. ಕೆಟ್ಟವರಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದರು. ನಾನು ಫೋಟೋ ತೆಗೆದು, ಎರಡೂ ತಾರೀಕು ಬರೆದು, ಪಟ್ಟಿ ಕಟ್ಟಿದವಳೂ ಪರೀಕ್ಷೆ ಮಾಡಿದವಳೂ ಒಬ್ಬಳೇ ಎಂದು ಸೇರಿಸಿ ಬಂದರಿನ ಕಚೇರಿಗೆ ಕೊಟ್ಟೆ. ಈಗ ನನಗೆ ಸಹಿ ಹಾಕುವ ಅಧಿಕಾರವಿಲ್ಲ. ಸ್ಟೋರಿನಲ್ಲಿ ಬೋಲ್ಟು ಆರಿಸುತ್ತೇನೆ. ಅದು ಸರಿಯಾಗಿಯೇ ಇದೆ.

ನಿನ್ನೆ ಆ ನರ್ಸಿನ ಗಂಡನ ಅಂಗಡಿಗೆ ಹೋಗಿದ್ದೆ. ಅವರು ದರ್ಜಿ. ನಾನು ಹೇಳುತ್ತಿದ್ದಂತೆ ಮೆಷೀನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು. ಆಮೇಲೆ, "ನಿಮ್ಮಣ್ಣ ತಿಂಗಳಿಗೊಂದ್ಸಲ ಬಂದು ಆ ಎದುರುಗಡೆ ಫುಟ್‌ಪಾತ್ ಮೇಲೆ ನಿಲ್ತಿದ್ರು. ಒಂದಿನ ತಡೀಲಾರ್ದೆ ಹೋಗಿ ಕತ್ತಿನ ಪಟ್ಟಿ ಹಿಡ್ದೆ. ‘ಎಳೆದೆ ಅಂತಾನೇ ನೆನಪು ಸ್ವಾಮಿ’ ಅಂದ್ರು. ಅಷ್ಟೇ. ನಾನು ಬಾಯಿಗೆ ಬಂದ ಹಾಗೆ ಬೈದು ಓಡಿಸ್ದೆ. ಈಗ ಅದನ್ನ ಎಲ್ಲಿ ಹೋಗಿ ವಾಪಸ್ ತಗೊಳ್ಲಿ?" ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಮೆಷೀನು ತುಳಿಯತೊಡಗಿದರು. ಸೂಜಿಯಲ್ಲಿ ದಾರ ಇರಲಿಲ್ಲ.

ಅಣ್ಣನ ಹೆಸರಿನ ಮೇಲಿದ್ದ ದೋಷವನ್ನು ತೆಗೆದುಹಾಕಿ ಕಚೇರಿಯವರು ನಿಮಗೆ ಪತ್ರ ಕಳಿಸುತ್ತಾರಂತೆ. ಯಾರದೋ ಟೈಪ್ ಮಾಡಿದ ಅಕ್ಷರದಲ್ಲಿ ನೀವು ಇದನ್ನು ಮೊದಲು ಓದಬಾರದೆಂದು ಇದನ್ನು ಬರೆದೆ. ಮೂರು ವರ್ಷ ನೀವೊಬ್ಬರೇ ಅವನನ್ನು ನಂಬಿದಿರಿ. ನಾನು ಅವನ ತಂಗಿಯಾಗಿ ಮೀಟರನ್ನು ನಂಬಿದೆ. ಕ್ಷಮಿಸಿ ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ಉತ್ತರ ಬರೆಯಬೇಡಿ. ವೇಳೆಗೆ ಸರಿಯಾಗಿ ಊಟ ಮಾಡಿ.

ನಿಮ್ಮ ನಾದಿನಿ

ಮರೆತಿದ್ದು: ಮರೆತಿದ್ದಲ್ಲ, ಬರೆಯಲಾಗಲಿಲ್ಲ. ಕಚೇರಿಯಲ್ಲಿ ವಿಚಾರಣೆಯ ಫೈಲು ನೋಡಲು ಕೊಟ್ಟರು. ‘ವೈರಿಂಗ್ ಬಗ್ಗೆ ನಿಮಗೆ ಅನುಮಾನವಿದೆಯೇ, ಇದ್ದರೆ ಹೊರಗಿನವರಿಂದ ಪರೀಕ್ಷೆ ಮಾಡಿಸುತ್ತೇವೆ’ ಎಂದು ಅಣ್ಣನನ್ನು ಕೇಳಿದ್ದಾರೆ. ಕೆಳಗೆ ಅವನ ಕೈಬರಹದಲ್ಲಿ ಉತ್ತರವಿದೆ: ‘ಬೇಡ. ಅದನ್ನು ನನ್ನ ತಂಗಿ ನೋಡಿದ್ದಾಳೆ. ಅವಳು ಸರಿಯಿದೆ ಅಂದರೆ ಸರಿಯಿದೆ. ನಾನೇ ತಡವಾಗಿ ಎಳೆದಿರಬೇಕು.’