ಎದುರುಮನೆಗೆ ದಾರಿ

ಫೆಬ್ರವರಿ 5, ಸೋಮವಾರ

ಬೆಳಿಗ್ಗೆ ಮೂರು ಡ್ರೈವಿಂಗ್ ಕ್ಲಾಸು. ಮೊದಲನೆಯವಳು ಬ್ಯಾಂಕಿನಾಕೆ. ಕೌಂಟರಿನಲ್ಲಿ ಕೂತು ಊರನ್ನೆಲ್ಲ ಗದರುವವಳು, ಸ್ಟೇರಿಂಗ್ ಹಿಡಿದರೆ ಕೋಳಿಮರಿ. ಎದುರು ಹಾಲಿನ ವ್ಯಾನು ಬಂತು, ಕಣ್ಣು ಮುಚ್ಚಿಕೊಂಡಳು! "ಕಣ್ಣು ಬಿಡಿ, ಇದು ಇಂಜೆಕ್ಷನ್ ಅಲ್ಲ" ಎಂದೆ. ನನ್ನ ಕಾಲಡಿಯೂ ಒಂದು ಬ್ರೇಕು ಇದೆ, ಸದ್ಯ. ನಮ್ಮ ಬೀದಿಯಲ್ಲಿ ಗಾಡಿ ಕಡಿಮೆ, ಅದಕ್ಕೇ ಹೊಸಬರಿಗೆ ಇಲ್ಲೇ ಕಲಿಸುವುದು.

ನಾಲ್ಕಕ್ಕೆ ಅತ್ತೆ ಹೊರಟರು. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಅವರ ಪ್ರಪಂಚ ಎಂದರೆ ಎದುರುಮನೆ. ಅಲ್ಲಿ ಅವರ ವಾರಿಗೆಯ ಗೆಳತಿ ಇದ್ದಾರೆ, ಮಂಡಿ ಪೂರ್ತಿ ಹೋಗಿದೆ, ಮಂಚ ಬಿಟ್ಟು ಇಳಿಯುವುದಿಲ್ಲ. ಹಾಗಾಗಿ ಇವರೇ ಹೋಗಬೇಕು. ದಿನಾ ರಮ್ಮಿ, ದಿನಾ ಜಗಳ, ಇನ್ನು ಈ ಮನೆ ಮೆಟ್ಟಿಲು ಹತ್ತಿದರೆ ಕೇಳು ಅನ್ನುವುದು, ಮರುದಿನ ನಾಲ್ಕಕ್ಕೆ ಮತ್ತೆ ವಾಕರ್. ಕೈ ಹಿಡಿಯಲು ಹೋದರೆ ನನ್ನ ಕೈಗೇ ಪೆಟ್ಟು. "ನನ್ನನ್ನೇನು ಪಾರ್ಸಲ್ ಮಾಡ್ತೀಯೇನೇ? ನನ್ನ ಕಾಲಲ್ಲಿ ನಾನು ಹೋಗ್ತೀನಿ." ಡಾಕ್ಟರು ಬಿಡಿಸಿ ಹೇಳಿದ್ದಾರೆ— ಹೀಗೇ ನಡೆಯುತ್ತಿದ್ದರೆ ನಡೆದಾರು, ಒಮ್ಮೆ ಕೂತರೆ ಕೂತೇಬಿಟ್ಟಾರು.

ಬೀದಿಯ ಕೊನೆಯ ಹಳೇ ಮರದ ಮಿಲ್ಲಿನ ಗೋಡೆಗೆ ಬೋರ್ಡು ಹಾಕಿದ್ದಾರೆ. ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು. ಆಕ್ಷೇಪಣೆ ಇದ್ದವರು ಒಂದು ತಿಂಗಳೊಳಗೆ ಹೇಳಬೇಕಂತೆ. ಪಕ್ಕದಲ್ಲೇ ಪ್ಲಾನು. ದೊಡ್ಡ ರಸ್ತೆ ಕಡೆಗೆ ಅಂಗಡಿಗಳ ಸಾಲು. ಗೇಟು, ಇರುವ ಒಂದೇ ಗೇಟು, ನಮ್ಮ ಬೀದಿಗೆ.

ಫೆಬ್ರವರಿ 6, ಮಂಗಳವಾರ

ಬೀದಿಯವರೆಲ್ಲ ನಮ್ಮ ಮುಂದಿನ ಕೋಣೆಯಲ್ಲಿ ಸೇರಿದ್ದರು. ಕುರ್ಚಿ ಸಾಲದೆ ಹೊಲಿಗೆ ಮಿಷನ್ನಿನ ಮೇಲೂ ಒಬ್ಬರು. ಮನೆಗೆ ಎರಡು ಗಾಡಿ ಅಂದರೂ ಎಷ್ಟಾಯಿತು ಅಂತ ಎಲ್ಲರೂ ಕೂಗಾಡಿದರು, ಬಿಸ್ಕತ್ತು ಖಾಲಿ ಮಾಡಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎನ್ನುವಾಗ ಮಾತ್ರ ಎಲ್ಲರಿಗೂ ಚಪ್ಪಲಿ ನೆನಪಾಯಿತು. ಸಂಘದ ಸೆಕ್ರೆಟರಿ ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಹ್ಞೂಂ ಅಂದೆ. ಕಟ್ಟಡ ಬೇಡ ಅನ್ನುವುದಿಲ್ಲ, ಜನ ಎಲ್ಲಾದರೂ ಇರಬೇಕಲ್ಲ. ಗೇಟು ಆ ಕಡೆ ಇಡಿ, ಅಷ್ಟೇ.

ಇವರು ಕನ್ನಡಕದ ಅಂಗಡಿಯಿಂದ ಬಂದು ಸುದ್ದಿ ಕೇಳಿ ನಕ್ಕರು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನೀವಿಬ್ಬರೂ ಒಂದೇ ಪಾರ್ಟಿ ಆಗ್ಬಿಟ್ರೆ ನನ್ನ ಗತಿ ಏನೇ?"

"ರೀ, ನಿಮ್ಮಮ್ಮನಿಗೋಸ್ಕರ ಅಲ್ಲ. ದಿನಾ ಆ ರಮ್ಮಿ ಇಲ್ದಿದ್ರೆ ಅವರು ನನ್ನ ಜೊತೆ ಜಗಳ ಆಡ್ತಾರೆ" ಎಂದೆ. ಸುಳ್ಳು. ಅವರಿಗೋಸ್ಕರವೇ.

ಫೆಬ್ರವರಿ 16, ಶುಕ್ರವಾರ

ರಸ್ತೆ ಇಂಜಿನಿಯರ್ ಆಫೀಸು, ಮೂರನೇ ಸಲ. ನಮ್ಮ ಆಕ್ಷೇಪಣೆಗೆ ರಿಪೋರ್ಟು ಬರೆಯಬೇಕಾದವರು ಆತ. ಮನುಷ್ಯ ಕೆಟ್ಟವನಲ್ಲ. ಟೀ ಕೊಡಿಸಿದರು. "ಮುಂದೆ ಹಾಗಾಗ್ಬಹುದು, ಹೀಗಾಗ್ಬಹುದು ಅಂತ ಬರೆಯೋಕಾಗಲ್ಲ ಮೇಡಂ. ಕಣ್ಣಾರೆ ಕಂಡಿದ್ದು ಬರೀತೀನಿ."

"ಹಾಗಾದ್ರೆ ತೋರಿಸ್ತೀನಿ, ಬನ್ನಿ" ಎಂದುಬಿಟ್ಟೆ. ಬಾಯಿಂದ ಬಂದೇಹೋಯಿತು. ದಾರಿಯಲ್ಲಿ ಬರುತ್ತಾ ಐಡಿಯಾ ಪಕ್ವವಾಯಿತು. ಅಪಾರ್ಟ್‌ಮೆಂಟು ಬಂದ ಮೇಲೆ ಎಷ್ಟು ಗಾಡಿ ಬರುತ್ತವೋ ಅಷ್ಟನ್ನೂ ಒಂದು ಭಾನುವಾರ ನಾವೇ ತಂದು ಬಿಡುವುದು! ನೆಂಟರು, ಆಫೀಸಿನವರು, ನನ್ನ ಹತ್ತಿರ ಕಲಿತವರು. ನಾಟಕಕ್ಕೆ ರಿಹರ್ಸಲ್ ಇರುತ್ತದೆ, ಜಾಮಿಗೆ ಯಾಕಿರಬಾರದು?

ಫೆಬ್ರವರಿ 25, ಭಾನುವಾರ

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ.

ಗಾಡಿ ಬಂದವು, ಕರೆದದ್ದಕ್ಕಿಂತ ಹೆಚ್ಚೇ. ಇಂಜಿನಿಯರ್ ಮಿಲ್ಲಿನ ಗೋಡೆ ಬಳಿ ಕುರ್ಚಿ ಹಾಕಿಕೊಂಡು ಕೂತರು. ನಾನು ಪೀಪಿ ಹಿಡಿದು ತಿರುವಿನಲ್ಲಿ. ಮೂರೂವರೆಗೆ ಶುರು. ಈ ತುದಿಯಿಂದ ಆ ತುದಿಗೆ, ಮತ್ತೆ ತಿರುಗಿ ಈ ತುದಿಗೆ. ಜಾಮ್ ಮಾಡಿ ಎಂದು ಕರೆದರೆ ಬಂದವರೋ... "ನೀವು ಮೊದಲು ಹೋಗಿ", "ಇಲ್ಲ ಇಲ್ಲ, ನೀವು ಹೋಗಿ". ಅರ್ಧಕ್ಕರ್ಧ ನನ್ನ ಶಿಷ್ಯರೇ. ಇಂಡಿಕೇಟರ್ ಏನು, ಅಂತರ ಏನು, ಬೇಕಾದಷ್ಟೇ ಹಾರ್ನ್ ಏನು! ತಿರುವಿನಲ್ಲಿ ಒಮ್ಮೆ ಚೆನ್ನಾಗಿ ಸಿಕ್ಕಿಕೊಂಡಿತ್ತು. ಬಿಡಬೇಕಿತ್ತು ನಾನು. ಕೈ ಸುಮ್ಮನಿರಬೇಕಲ್ಲ! ಪೀಪಿ ಊದಿ, ಒಬ್ಬನನ್ನು ರಿವರ್ಸ್ ತೆಗೆಸಿ, ಇನ್ನೊಬ್ಬನನ್ನು ಬದಿಗೆ ಹಾಕಿಸಿ ಬಿಡಿಸಿಯೇಬಿಟ್ಟೆ. ಆಮೇಲೆ ನೀರು ಹರಿದ ಹಾಗೆ ಹರಿಯಿತು.

ಐದಕ್ಕೆ ಇಂಜಿನಿಯರ್ ಎದ್ದು ಕೈ ಕುಲುಕಿದರು. "ಇಷ್ಟು ಶಿಸ್ತಿನ ಬೀದಿ ನನ್ನ ಸರ್ವಿಸಲ್ಲೇ ನೋಡಿಲ್ಲ ಮೇಡಂ!" ರಿಪೋರ್ಟಿನಲ್ಲಿ ನನ್ನೆದುರೇ ಬರೆದರು— ಸಂಚಾರ ಸುಗಮ.

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಜಗಳಕ್ಕೆ ಹೋದೋಳು ಊಟ ಬಡಿಸಿ ಬಂದ ಹಾಗಾಯ್ತಲ್ಲಮ್ಮ!"

ಫೆಬ್ರವರಿ 26, ಸೋಮವಾರ

ಅತ್ತೆ ಬೆಳಿಗ್ಗೆಯಿಂದ ಗಪ್‌ಚುಪ್. ಕಾಫಿಗೆ ಸಕ್ಕರೆ ಕಡಿಮೆ ಎಂದು ಗೊಣಗಲೂ ಇಲ್ಲ. ನಿನ್ನೆ ಆಟ ಯಾರು ಗೆದ್ದಿರಿ ಎಂದು ಕೇಳಿದೆ.

"ಆಡ್ಲೇ ಇಲ್ಲ."

"ಯಾಕತ್ತೆ?"

"ಹೇಗೆ ಹೋಗ್ಲಿ? ಗೇಟಿನ ಹತ್ರ ನಿಂತಿದ್ದೆ. ಒಂದು ಹೋಯ್ತು ಅನ್ನೋಷ್ಟರಲ್ಲಿ ಇನ್ನೊಂದು. ಕಾಲು ಕೆಳಗಿಟ್ರೆ ಪೀಂ ಅನ್ನೋದು, ಮತ್ತೆ ಮೇಲಿಡ್ತಿದ್ದೆ. ಆಕೆ ಪಾಪ ಕಿಟಕಿ ಪಕ್ಕದ ಮಂಚದ ಮೇಲೆ ಇಸ್ಪೀಟೆಲೆ ಹಿಡ್ಕೊಂಡು ಕೂತಿದ್ಲು. ಕಾಲು ಸೋತು ಬಂತು, ಒಳಗೆ ಬಂದು ಮಲಗ್ದೆ."

"ನನ್ನ ಕರೀಬಾರದಿತ್ತಾ?"

"ನೀನು ಪೀಪಿ ಊದ್ತಾ ಇದ್ದೆ. ಎಷ್ಟು ಚೆನ್ನಾಗಿ ಎಲ್ಲರನ್ನೂ ನಿಲ್ಸಿ ನಿಲ್ಸಿ ಕಳಿಸ್ತಿದ್ದೆ... ನನ್ನ ಕಡೆ ಒಂದ್ಸಲ ತಿರುಗ್ತೀಯೇನೋ ಅಂತ ನೋಡ್ದೆ."

ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಪಾತ್ರೆ ಒಂದೂ ತೊಳೆಯಲಿಲ್ಲ.

ಸುಗಮವಂತೆ! ಸುಗಮವಾಗಿ ಹೋದದ್ದಕ್ಕೇ ಅವರಿಗೆ ಸಂದು ಸಿಗಲಿಲ್ಲ. ಜಾಮ್ ಆಗಿ ನಿಂತಿದ್ದರೆ ನಡುವೆ ನುಸುಳಿಯಾದರೂ ಹೋಗುತ್ತಿದ್ದರು. ಇಷ್ಟು ದಿನ ನಾನೂ ಗಾಡಿಗಳನ್ನೇ ಲೆಕ್ಕ ಹಾಕುತ್ತಿದ್ದೆ. ಗಾಡಿಯವಳಲ್ಲವೇ ನಾನು, ಗಾಡಿಯೇ ಕಂಡಿತು. ಇನ್ನು ಬಿಡುವುದಿಲ್ಲ. ಗೇಟು ಆ ಕಡೆಗೆ ಹೋಗುವವರೆಗೂ ಆ ಇಂಜಿನಿಯರ್‌ಗೆ ನೆಮ್ಮದಿ ಇಲ್ಲ, ನನಗೂ ಇಲ್ಲ.

ಮಾರ್ಚ್ 1, ಶುಕ್ರವಾರ

ಮತ್ತೆ ಆಫೀಸು. ನನ್ನನ್ನು ಕಂಡು ಅಟೆಂಡರ್ ತಾನಾಗೇ ಟೀಗೆ ಹೇಳಿದ. ರಿಪೋರ್ಟಿನಲ್ಲಿ ದಾಟುವ ಜನರ ಲೆಕ್ಕ ಎಲ್ಲಿ ಎಂದು ಕೇಳಿದೆ. ಇದೆಯಂತೆ. ತೋರಿಸಿದರು. ರಸ್ತೆ ದಾಟಿದ ಪಾದಚಾರಿಗಳು: ಸೊನ್ನೆ.

"ಆವತ್ತು ಯಾರೂ ದಾಟ್ಲಿಲ್ಲವಲ್ಲ ಮೇಡಂ" ಎಂದರು, ಸಹಜವಾಗಿ.

"ದಾಟೋಕಾಗದೆ ನಿಂತಿದ್ರೆ?"

"ಅದನ್ನ ಬರೆಯೋಕೆ ಜಾಗ ಇಲ್ಲ."

ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿ ಬಂದೆ.

ಮಾರ್ಚ್ 4, ಸೋಮವಾರ

ಅತ್ತೆಯನ್ನೇ ಕರೆದುಕೊಂಡು ಹೋದೆ. ಎರಡನೇ ಮಹಡಿ, ಲಿಫ್ಟು ಕೆಟ್ಟಿದೆ. ಒಂದೊಂದೇ ಮೆಟ್ಟಿಲು, ನಡುನಡುವೆ ಸರ್ಕಾರಕ್ಕೆ ಬೈಗುಳ. ಕೋಣೆಗೆ ಹೋದವರೇ ಇಂಜಿನಿಯರ್ ಎದುರಿನ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡು ಹೇಳಿದರು—

"ನೀನು ಬರೆದಿದ್ದೀಯಂತಲ್ಲಪ್ಪ, ಸೊನ್ನೆ. ಆ ಸೊನ್ನೆ ನಾನೇ."

ಆತ ಎದ್ದು ನಿಂತರು. ಫ್ಯಾನ್ ಜೋರು ಮಾಡಿದರು.

ಮಾರ್ಚ್ 6, ಬುಧವಾರ

ನಾಲ್ಕಕ್ಕೆ ಇಂಜಿನಿಯರ್ ಬಂದರು, ಒಬ್ಬರೇ. ಗಾಡಿಯವರನ್ನು ಇನ್ನೊಮ್ಮೆ ಕರೆಸಿದ್ದೆ. ಈ ಸಲ ಪೀಪಿ ಮನೆಯಲ್ಲೇ ಬಿಟ್ಟೆ. ಅತ್ತೆಯ ಪಕ್ಕ ನಿಂತರು. ಒಂದಾದ ಮೇಲೆ ಒಂದು. ಇಂಜಿನಿಯರ್ ಕೈ ಅಡ್ಡ ಹಿಡಿದು ಒಂದು ಹೆಜ್ಜೆ ಇಳಿದರೋ ಇಲ್ಲವೋ, ಸ್ಕೂಟರಿನವನೊಬ್ಬ ಅವರನ್ನೇ ಬಳಸಿಕೊಂಡು ಸುಯ್ಯೆಂದ. ಆತ ಹಾರಿ ಹಿಂದೆ ಬಂದರು. ಅತ್ತೆಗೆ ಅಯ್ಯೋ ಅನಿಸಿರಬೇಕು. "ನಿನಗೆ ಆಫೀಸಿಗೆ ಹೊತ್ತಾಗುತ್ತೆ, ಹೊರಡಪ್ಪ. ನನಗೆ ನಿಂತು ಅಭ್ಯಾಸ ಆಗಿದೆ."

ಆತ ರಿಪೋರ್ಟನ್ನು ಗೋಡೆಗೆ ಒತ್ತಿ ಹಿಡಿದು 'ಸುಗಮ'ದ ಮೇಲೆ ಗೀಟು ಎಳೆದರು. ನಾನು ನೋಡಿದೆ.

ಏಪ್ರಿಲ್ 22, ಸೋಮವಾರ

ಆರ್ಡರ್ ಬಂತು. ಅಪಾರ್ಟ್‌ಮೆಂಟಿನ ಗೇಟು ದೊಡ್ಡ ರಸ್ತೆಗೇ! ಮೇಷ್ಟ್ರು ಕುಣಿದದ್ದು ಇವತ್ತೇ ನೋಡಿದ್ದು. ಮನೆಯಲ್ಲಿ ನಗು, ಗಲಾಟೆ. ಇವರು ಕನ್ನಡಕ ಏರಿಸಿಕೊಂಡು ಆರ್ಡರನ್ನು ಕೊನೆಯವರೆಗೂ ಓದಿದರು. ಓದಬಾರದಿತ್ತು. ದೊಡ್ಡ ರಸ್ತೆ ಕಡೆ ನೆಲಮಾಳಿಗೆಗೆ ಅಗೆಯುವುದರಿಂದ, ಕೆಲಸ ಮುಗಿಯುವವರೆಗೆ ಸಾಮಾನಿನ ಲಾರಿಗಳು ನಮ್ಮ ಬೀದಿಯಲ್ಲಿ. ಎರಡು ವರ್ಷ, ಹೆಚ್ಚೂ ಆಗಬಹುದು.

"ಎರಡು ವರ್ಷ ಆದ್ಮೇಲೆ ಸುಖವಾಗಿ ದಾಟ್ಬಹುದು ಬಿಡಮ್ಮ" ಎಂದರು ಇವರು, ಸಮಾಧಾನಕ್ಕೆ.

"ಆಗ ನನ್ನನ್ನ ನಾಲ್ಕು ಜನ ಹೊತ್ಕೊಂಡು ದಾಟಿಸ್ತೀರಿ" ಎಂದರು ಅತ್ತೆ.

ಮೇ 8, ಬುಧವಾರ

ಲಾರಿ, ಲಾರಿ, ಲಾರಿ. ಜಲ್ಲಿ, ಮರಳು, ಕಬ್ಬಿಣ. ಸೈಟಿನ ಮ್ಯಾನೇಜರ್‌ಗೆ ನಾಲ್ಕರ ಹೊತ್ತಿಗೆ ನಿಲ್ಲಿಸಿ ಎಂದು ಕೇಳಿ ಕೇಳಿ ಸಾಕಾಯಿತು. "ಹೇಳ್ತೀನಿ ಮೇಡಂ" ಅನ್ನುತ್ತಾನೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಅತ್ತೆ ಸೋಮವಾರದಿಂದ ಹೊರಗೆ ಹೋಗಿಲ್ಲ. ಇವತ್ತು ಹಲ್ಲುಜ್ಜಲೂ ಮಂಚಕ್ಕೇ ನೀರು ತಾ ಎಂದರು. ಕಾರಲ್ಲಿ ಕೂರಿಸಿ ಆಚೆ ಬಿಡ್ತೀನಿ ಎಂದೆ. ಗೋಡೆ ಕಡೆ ತಿರುಗಿ ಮಲಗಿದರು. ಭಯವಾಗುತ್ತಿದೆ.

ಮೇ 9, ಗುರುವಾರ

ಬ್ಯಾಂಕಿನಾಕೆಗೆ ಈಗ ಬೆಳಗಿನ ಪಾಳಿಯಂತೆ, ಮೂರಕ್ಕೇ ಬಿಡುವು, ಹಾಗಾಗಿ ಕ್ಲಾಸು ಸಂಜೆಗೆ. ನಾಲ್ಕರ ಸುಮಾರಿಗೆ ನಮ್ಮ ಮನೆ ಎದುರೇ ಗಾಡಿ ತಿರುಗಿಸಲು ಹೇಳಿದೆ. ಬೀದಿಗೆ ಅಡ್ಡವಾದಳು, ಅಷ್ಟರಲ್ಲಿ ಜಲ್ಲಿ ಲಾರಿ ಬಂದು ಭೋಂ ಎಂದಿತು. ಹೆದರಿ ಕ್ಲಚ್ಚು ಒಮ್ಮೆಲೇ ಬಿಟ್ಟಳು. ಗಾಡಿ ಗಕ್ಕೆಂದು ಆಫ್. ಸ್ಟಾರ್ಟ್ ಮಾಡಿದಳು, ಮತ್ತೆ ಆಫ್. ಲಾರಿ ಹಿಂದೆ ಲಾರಿ ಬಂದು ನಿಂತವು. ನಾನು ಬೈಯಲು ಬಾಯಿ ತೆರೆದೆ...

ಗೇಟು ಕಿರ್ರೆಂದಿತು. ಅತ್ತೆ! ಮಂಚ ಬಿಟ್ಟು ಯಾವಾಗ ಎದ್ದು ಬಂದಿದ್ದರೋ. ನಿಂತ ಲಾರಿಗಳನ್ನು ಒಂದು ಸಲ ನೋಡಿ, ವಾಕರ್ ಇಳಿಸಿ, ನಮ್ಮ ಕಾರಿನ ಮುಂದಿನಿಂದಲೇ ಎದುರುಮನೆಗೆ ಹೋಗಿಬಿಟ್ಟರು. ಎಲ್ ಬೋರ್ಡಿನ ಮೇಲೆ ಕೈಯೂರಿ ಒಂದು ಕ್ಷಣ ಸುಧಾರಿಸಿಕೊಂಡದ್ದೂ ಆಯಿತು.

"ಸಾರಿ ಮೇಡಂ, ಸಾರಿ ಮೇಡಂ" ಅನ್ನುತ್ತಲೇ ಇದ್ದಳು ಬ್ಯಾಂಕಿನಾಕೆ.

"ನಾಳೆಯಿಂದ ನಿಮ್ಮ ಕ್ಲಾಸು ನಾಲ್ಕಕ್ಕೇ" ಎಂದೆ.

ಮೇ 21, ಮಂಗಳವಾರ

ದಿನಾ ನಾಲ್ಕಕ್ಕೆ ಗಾಡಿ ಬೀದಿಗೆ ಅಡ್ಡ, ದಿನಾ ಆಫ್. ಕಲಿಯುವವರು, ಏನು ಮಾಡುವುದು! ಯಾವ ಕಾನೂನಿನಲ್ಲೂ ತಪ್ಪಿಲ್ಲ. ಮ್ಯಾನೇಜರ್ ಬಂದು ಕೂಗಾಡಿದ. "ಬೇಕಂತ ಮಾಡ್ತಿದೀರಾ ಮೇಡಂ?" "ಹೇಳ್ತೀನಿ ಸಾರ್, ಇವಳಿಗೆ ಹೇಳ್ತೀನಿ" ಎಂದೆ, ಅವನ ಧಾಟಿಯಲ್ಲೇ. ಪೇಚೆಂದರೆ ಬ್ಯಾಂಕಿನಾಕೆಗೆ ಈಗ ಕೈ ಕೂತುಬಿಟ್ಟಿದೆ, ಗಾಡಿ ಆಫ್ ಆಗುವುದೇ ಇಲ್ಲ. ಬೇಕೆಂದೇ ಆಫ್ ಮಾಡುವುದು ಹೇಗೆಂದು ಹೇಳಿಕೊಡಬೇಕಾಯಿತು. ಅದನ್ನೂ ಶ್ರದ್ಧೆಯಿಂದ ಕಲಿತಳು, ಪುಣ್ಯಾತ್ಗಿತ್ತಿ.

ಅತ್ತೆ ಮಂಚಕ್ಕೆ ನೀರು ಕೇಳುವುದು ನಿಂತಿದೆ. ಇವತ್ತು ಎದುರುಮನೆಯಿಂದ ಕೂಗು ನಮ್ಮ ಹಿತ್ತಲವರೆಗೆ ಕೇಳುತ್ತಿತ್ತು. ಯಾರೋ ಜೋಕರ್ ಬಚ್ಚಿಟ್ಟರಂತೆ.

ಜೂನ್ 12, ಬುಧವಾರ, ಸಂಜೆ

ಬ್ಯಾಂಕಿನಾಕೆಯ ಲೈಸೆನ್ಸ್ ಟೆಸ್ಟು. ಪಾಸು! ಆದರೆ ಅಲ್ಲಿ ಸಾಲು ಕರಗಲೇ ಇಲ್ಲ. ಹೊರಡುವಾಗಲೇ ನಾಲ್ಕು ದಾಟಿತ್ತು. ಅತ್ತೆ ಫೋನ್ ಎತ್ತುತ್ತಿಲ್ಲ. ನಾನೇ ಓಡಿಸಿದೆ, ಶಿಷ್ಯರಿಗೆ ಯಾವುದು ಮಾಡಬೇಡಿ ಎನ್ನುತ್ತೇನೋ ಎಲ್ಲವನ್ನೂ ಮಾಡಿದೆ. ಬೀದಿಯ ಬಾಯಲ್ಲೇ ಲಾರಿಗಳ ಸಾಲು. ಕಾರು ಅಲ್ಲೇ ಬಿಟ್ಟು ಓಡಿದೆ. ಏನಾಗಿದೆಯೋ, ಯಾಕೆ ನಿಂತಿವೆಯೋ...

ಬೀದಿಯ ನಡುವೆ ಅತ್ತೆ. ನಡೆಯುತ್ತಿದ್ದಾರೆ. ಆ ಕಡೆ ಈ ಕಡೆ ನೋಡುತ್ತಲೂ ಇಲ್ಲ, ತಮ್ಮ ಅಂಗಳದಲ್ಲಿ ಹೋದ ಹಾಗೆ. ಮೊದಲನೆಯದು ಅದೇ ಜಲ್ಲಿ ಲಾರಿ, ಇಂಜಿನ್ ಸದ್ದಿಲ್ಲ. ಡ್ರೈವರ್ ಸ್ಟೇರಿಂಗ್ ಮೇಲೆ ಗದ್ದ ಊರಿ ಕೂತಿದ್ದಾನೆ. ಹಿಂದಿನವರು ಹಾರ್ನ್ ಹೊಡೆದರೆ ಕಿಟಕಿಯಿಂದ ಕೈ ಆಡಿಸುತ್ತಾನೆ.

ನನ್ನನ್ನು ಕಂಡು ಹಲ್ಲು ಬಿಟ್ಟ. "ಏನ್ಮಾಡ್ಲಿ ಅಕ್ಕಾ, ನಾಲ್ಕು ಗಂಟೆ ಆದ್ರೆ ಈ ಗಾಡೀನೂ ಸ್ಟಾರ್ಟ್ ಆಗಲ್ಲ."

ಗೇಟಿನ ಕಂಬ ಹಿಡಿದು ನಿಂತು ಅತ್ತೆ ಒಳಗೆ ಹೋಗುವವರೆಗೂ ನೋಡಿದೆ. ಕಣ್ಣಲ್ಲಿ ನೀರು. ಅವನಿಗೆ ಕೈ ಮುಗಿದೆ. ಆತ ನಾಚಿಕೊಂಡು ಗಾಡಿ ಸ್ಟಾರ್ಟ್ ಮಾಡಿದ, ಒಂದೇ ಸಲಕ್ಕೆ ಆಯಿತು.

ಒಳ್ಳೆಯವನು. ಆದರೆ ಎರಡು ವರ್ಷ ಒಬ್ಬನ ಒಳ್ಳೆಯತನದ ಮೇಲೆ ಹೊರೆ ಹಾಕುವುದು ನ್ಯಾಯವಲ್ಲ. ನಾಳೆ ಅವನ ಜಾಗಕ್ಕೆ ಇನ್ನೊಬ್ಬ ಬಂದರೆ? ಇದು ಆರ್ಡರಿನಲ್ಲೇ ಬರಬೇಕು. ಇಂಜಿನಿಯರ್‌ಗೆ ಫೋನ್ ಮಾಡಿದೆ. "ಬನ್ನಿ ಮೇಡಂ, ಏನು ಬೇಕೋ ಸ್ಪಷ್ಟವಾಗಿ ಬರ್ಕೊಂಡು ಬನ್ನಿ" ಎಂದರು. ಇಲ್ಲೇ ಒಮ್ಮೆ ಬರೆದು ನೋಡುತ್ತೇನೆ. ಮಾನ್ಯರೇ, ನಮ್ಮ ಬೀದಿಯಲ್ಲಿ ನಾಲ್ಕು ಗಂಟೆಗೆ ಒಬ್ಬರು ದಾಟುತ್ತಾರೆ. ಅವರು ದಾಟಿ ಮುಗಿಸುವವರೆಗೆ ಒಂದೇ ಒಂದು ಲಾರಿಯೂ ಅಲುಗಬಾರದು.