ಬೈದು ಕರೆಯುವ ಕೆಲಸ

ಫೆಬ್ರವರಿ ಮೂವತ್ತು, ೨೧೮೭
ಚನ್ನಪಟ್ಟಣ

ನೂರ ಅರವತ್ತು ವರ್ಷ ಹಿಂದೆ ಕೂತು ಆಟವಾಡುತ್ತಿರುವವರಿಗೆ,

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ಇರಲಿಲ್ಲವಂತೆ, ನಮ್ಮಲ್ಲಿ ಇದೆ. ಆಟದೊಳಗಿನ ತಿಂಗಳೂ ಹೊರಗಿನ ತಿಂಗಳೂ ಒಂದೇ ಸಮ ಇರಲೆಂದು ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿದ್ದಾರೆ. ಮಿಕ್ಕ ಐದು ದಿನ ಎಲ್ಲಿ ಹೋದವು ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ನಿಮಗೆ ತಿಳಿಯದ ಪದಗಳು ಬಂದರೆ ತಪ್ಪು ತಿಳಿಯಬೇಡಿ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನನಗೆ ತಿಳಿದಷ್ಟು ಬಿಡಿಸಿ ಹೇಳುತ್ತೇನೆ. ಈ ಕಾಗದ ಹಿಂದಿನ ಕಾಲಕ್ಕೆ ಹೇಗೆ ಮುಟ್ಟುತ್ತದೆ ಎಂಬುದು ಅಂಚೆಯವನ ತಲೆನೋವು, ನನ್ನದಲ್ಲ.

ಹೋದ ವಾರ ನಮ್ಮ ಮರೆಮನೆಯ ಗೋಡೆಗೆ ನಿಮ್ಮ ಕಾಲದ ಬರಹವೊಂದನ್ನು ಚೌಕಟ್ಟು ಹಾಕಿಸಿ ನೇತುಹಾಕಿದರು. ‘ಮೈಮರೆಸುವ ವಾತಾವರಣದ ಹತ್ತು ವಿಡಿಯೋ ಗೇಮ್‌ಗಳು’ ಎಂದು ಅದರ ತಲೆಬರಹ. ಒಂದರಲ್ಲಿ ಮಂಜು ಕವಿದ ಊರಂತೆ, ಒಂದರಲ್ಲಿ ಎಲ್ಲೋ ತೊಟ್ಟಿಕ್ಕುವ ನಲ್ಲಿಯಂತೆ, ಇನ್ನೊಂದರಲ್ಲಿ ಖಾಲಿ ಹಡಗಿನೊಳಗೆ ನಿಮ್ಮದೇ ಹೆಜ್ಜೆಯ ಸಪ್ಪಳವಂತೆ. ‘ಆಡುತ್ತಾ ಕೂತವನಿಗೆ ಅಮ್ಮ ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ’ ಎಂದು ಒಬ್ಬ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಅವನು ಕೈಗೆ ಸಿಕ್ಕಿದ್ದರೆ ಕೆನ್ನೆಗೆ ಎರಡು ಬಿಗಿಯುತ್ತಿದ್ದೆ. ಕೈಗೆ ಸಿಗುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮೈಮರೆಯುವುದು ಎಂದರೆ ನಿಮ್ಮಲ್ಲಿ ಮಾತಿಗೆ ಹೇಳುವುದು. ನಮ್ಮಲ್ಲಿ ಅದು ನಿಜವಾಗಿಯೂ ಮೈಯನ್ನು ಮರೆತು ಬಿಟ್ಟುಹೋಗುವುದು. ಬಿಟ್ಟುಹೋದ ಮೈಗಳನ್ನು ಇಡುವ ಜಾಗವೇ ಮರೆಮನೆ. ನಮ್ಮದು ಮೊದಲು ಮರದ ಆಟಿಕೆಗಳ ಕಾರ್ಖಾನೆಯಾಗಿತ್ತು. ಗೋಡೆಯ ಬಿರುಕುಗಳಲ್ಲಿ ಇಂದಿಗೂ ಅರಗಿನ ಹಳದಿ, ಕೆಂಪು ಸಿಕ್ಕಿಕೊಂಡಿದೆ. ಈಗ ಅಲ್ಲಿ ಇನ್ನೂರ ನಲವತ್ತು ತೊಟ್ಟಿಲುಗಳು ತೂಗುತ್ತವೆ. ಮಕ್ಕಳವಲ್ಲ, ದೊಡ್ಡವರವು. ಬೆಳಿಗ್ಗೆ ಆಯಾಗಳು ಬಂದು ಒಂದೊಂದು ಮೈಯನ್ನೂ ಮಗ್ಗುಲು ತಿರುಗಿಸಿ, ಬೆನ್ನಿಗೆ ಪೌಡರು ಹಾಕಿ, ಕೊಳವೆಯಲ್ಲಿ ಗಂಜಿ ಬಿಡುತ್ತಾರೆ. ಮಂಗಳವಾರ ಉಗುರು ತೆಗೆಯುತ್ತಾರೆ. ಮಂಗಳವಾರ ಉಗುರು ತೆಗೆಯಬಾರದು ಎಂದು ನಾನು ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ, ಕೇಳುವವರು ಯಾರು? ಕಣ್ಣು ಮುಚ್ಚಿದ ಆ ಮುಖಗಳು ಮಾತ್ರ ನಗುತ್ತಿರುತ್ತವೆ, ಹೆದರುತ್ತಿರುತ್ತವೆ. ಒಳಗೆ ಅವರಿಗೆ ಮಂಜಿದೆ, ಹಡಗಿದೆ, ನೆಲದ ತಂಪು ಅಂಗಾಲಿಗೆ ತಾಗುತ್ತದೆ. ನೀವು ಗೀಚಿದ ಪಟ್ಟಿಯೆಲ್ಲ ಅಲ್ಲಿ ಬಲಿತು ಹಣ್ಣಾಗಿದೆ.

ನನ್ನ ಕೆಲಸ ಕರೆಯುವುದು. ಕರೆಯಮ್ಮ ಎನ್ನುತ್ತಾರೆ. ಒಳಹೋದವರನ್ನು ಹೊರಕ್ಕೆ ತರಲು ಮೊದಮೊದಲು ಗಂಟೆ ಹೊಡೆದು ನೋಡಿದರು. ಒಳಗಿದ್ದವರಿಗೆ ಅದು ಗುಡಿಯ ಗಂಟೆಯಾಗಿ ಕೇಳಿಸಿತು. ನೀರು ಚಿಮುಕಿಸಿದರು, ಅಲ್ಲಿ ತುಂತುರು ಹನಿಯಿತು. ಹೊರಗಿನದ್ದು ಏನು ಕೊಟ್ಟರೂ ಆಟ ನುಂಗಿ ತನ್ನದು ಮಾಡಿಕೊಂಡಿತು. ಅದು ನುಂಗಲಾರದ್ದು ಒಂದೇ ಒಂದಿತ್ತು, ಬೈಗುಳ. ಆಟದೊಳಗಿನ ಜನ ಬಲು ಮರ್ಯಾದಸ್ಥರು. ಕತ್ತಿ ಹಿಡಿದು ಕೊಲ್ಲಲು ಬಂದವನೂ ನಿಮ್ಮ ಮೇಲೆ ಬೇಸರಪಟ್ಟುಕೊಳ್ಳುವುದಿಲ್ಲ. ಆದ್ದರಿಂದ ಯಾರಾದರೂ ಬೇಸತ್ತು ಬೈದರೆ ಅದು ಹೊರಗಿನ ದನಿ, ಮನೆಯವರ ದನಿ ಎಂದು ಅವರಿಗೆ ತಿಳಿಯುತ್ತಿತ್ತು. ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ ನಾವು ತೊಟ್ಟಿಲ ಪಕ್ಕ ನಿಂತು ಕೂಗುತ್ತಿದ್ದೆವು. ಮುಟ್ಟುವಂತಿಲ್ಲ, ಅದು ನಿಯಮ. ನನ್ನ ಜೊತೆಯ ಜುಲೇಖಾಬಿ, ‘ನಿನ್ನ ಮೇಕೆ ಬಿಚ್ಕೊಂಡು ಪಕ್ಕದ್ಮನೆ ಸೊಪ್ಪೆಲ್ಲಾ ಮೇಯ್ತಾ ಐತೆ, ಬಿದ್ಕೊಂಡಿದೀಯಲ್ಲೋ!’ ಎಂದು ಅರಚುತ್ತಿದ್ದಳು. ಮೇಕೆಯೇ ಇಲ್ಲದ ಗಂಡಸರು ದಡಬಡಿಸಿ ಎದ್ದು ಕೂರುತ್ತಿದ್ದರು.

ನಾನು ಎಲ್ಲರಿಗಿಂತ ಚೆನ್ನಾಗಿ ಬೈಯುತ್ತಿದ್ದೆ. ನಾಲ್ಕನೇ ಕ್ಲಾಸಿನ ಮೇಷ್ಟ್ರು ಯಾವ ಬಾಯಿಗೆ ಹೆದರಿ ನನ್ನನ್ನು ಹಿಂದಿನ ಬೆಂಚಿಗೆ ಕಳಿಸಿದ್ದರೋ ಅದೇ ಬಾಯಿ ನನಗೆ ಅನ್ನ ಕೊಟ್ಟಿತು. ಒಂದು ದಿನ ಆಟ ಮಾಡುವ ಕಂಪನಿಯಿಂದ ಮೂವರು ಬಂದರು. ಓದಿದವರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ನನ್ನೆದುರು ಕೂತರು. ‘ಅಮ್ಮಾ, ನಮ್ಮ ಆಟದಲ್ಲಿ ಎಲ್ಲಾ ಇದೆ, ಮನೆ ಒಂದು ಬರ್ತಿಲ್ಲ. ನಿಮ್ಮ ಬೈಗುಳದಲ್ಲಿ ಮನೆ ಇದೆ’ ಎಂದರು. ಓದಿದವರು ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಯಾಕೆ, ಏನು ಎಂದು ನಾನು ಕೇಳಲಿಲ್ಲ. ಮೂರು ದಿನ ಒಂದು ಖಾಲಿ ಕುರ್ಚಿಯನ್ನು ಎದುರಿಗಿಟ್ಟುಕೊಂಡು ಬೈದೆ. ಖಾಲಿ ಕುರ್ಚಿಗೆ ಬೈಯಲು ಬಾಯಿ ಬರುತ್ತಿರಲಿಲ್ಲ. ಅದಕ್ಕೆ ಅಲ್ಲಿ ನನ್ನ ತಂಗಿ ಚಿಕ್ಕತಾಯಿ ಕೂತಿದ್ದಾಳೆ ಎಂದುಕೊಂಡೆ. ಆಮೇಲೆ ಸಲೀಸಾಗಿ ಬಂತು. ಎಷ್ಟಾದರೂ ಅವಳನ್ನು ಸಾಕಲೆಂದೇ ಶಾಲೆ ಬಿಟ್ಟವಳು ನಾನು. ‘ಏ ಸೋಮಾರಿ, ಮುದ್ದೆ ಆರೋಯ್ತದೆ, ಬತ್ತೀಯೋ ಇಲ್ಲಾ ನಾಯಿಗ್ ಹಾಕ್ಲೋ?’

ಅವರು ಅದನ್ನು ಒಯ್ದು ಏನು ಮಾಡಿದರೆಂದು ಆರು ತಿಂಗಳ ಮೇಲೆ ಗೊತ್ತಾಯಿತು. ಈಗ ಆಟದೊಳಗೆ ಕತ್ತಲಾಗುವ ಹೊತ್ತಿಗೆ ನನ್ನ ದನಿ ಬೈದು ಕರೆಯುತ್ತದೆ. ಆಡುವವರು ಹೊರಗೆ ಬಂದೆವೆಂದುಕೊಂಡು ಎದ್ದು, ಮನೆಗೆ ಹೋಗಿ, ಕೈ ತೊಳೆದು, ಮುದ್ದೆ ಉಂಡು ಮಲಗುತ್ತಾರೆ. ಅದೆಲ್ಲವೂ ಒಳಗೇ. ಅದಕ್ಕೆ ‘ಹೊರಬಾಗಿಲು’ ಎಂದು ಹೆಸರಿಟ್ಟರು. ಅಂಥ ವಾತಾವರಣ ಹಿಂದೆ ಯಾವ ಆಟದಲ್ಲೂ ಇರಲಿಲ್ಲ ಎಂದು ಜನ ಹೊಗಳಿದ್ದೇ ಹೊಗಳಿದ್ದು. ನಮ್ಮ ಕೂಗಿಗೆ ಏಳುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಜುಲೇಖಾಬಿ ನನ್ನ ಜೊತೆ ಮಾತು ಬಿಟ್ಟಳು. ಬಿಡಲಿ, ನಾನಾಗಿದ್ದರೂ ಬಿಡುತ್ತಿದ್ದೆ.

ಚಿಕ್ಕತಾಯಿ, ನಮ್ಮ ಚಿಕ್ಕಿ, ಕಾರ್ತೀಕದಲ್ಲಿ ಒಳಗೆ ಹೋದಳು. ನಲವತ್ತು ವರ್ಷ ಬುಗುರಿ ಕಡೆದವಳು ಅವಳು. ಊರಿನಲ್ಲಿ ಕೈಯಿಂದ ಮರ ಕಡೆಯುವವರಲ್ಲಿ ಅವಳೇ ಕೊನೆಯವಳು. ಎರಡು ವರ್ಷದಿಂದ ಕೈ ನಡುಗುತ್ತಿತ್ತು, ಉಳಿ ಹಿಡಿದರೆ ಬುಗುರಿ ಸೊಟ್ಟಗಾಗುತ್ತಿತ್ತು. ‘ಒಳಗೆ ಕೈ ನಡುಗಲ್ವಂತೆ ಅಕ್ಕಯ್ಯ, ಒಂದ್ ವಾರ ಹೋಗ್ಬತ್ತೀನಿ’ ಎಂದಳು. ‘ಹೋಗಿ ಸಾಯಿ’ ಎಂದೆ. ಬಾಯಿಗೆ ಬಂದದ್ದು ಅದೇ.

ನಮ್ಮಲ್ಲಿ ಒಂದು ಕಾನೂನಿದೆ. ನೂರು ದಿನ ಕರೆದರೂ ಏಳದವರನ್ನು ‘ನಿಂತವರು’ ಎಂದು ಬರೆದುಕೊಂಡು ದೂರದ ದೊಡ್ಡ ಮರೆಮನೆಗೆ ಸಾಗಿಸುತ್ತಾರೆ. ಅಲ್ಲಿಗೆ ಕರೆಯುವವರನ್ನು ಬಿಡುವುದಿಲ್ಲ. ಅಲ್ಲಿಂದ ಎದ್ದು ಬಂದವರನ್ನು ನಾನು ಕಂಡಿಲ್ಲ. ಚಿಕ್ಕಿಗೆ ಇವತ್ತು ನೂರನೇ ದಿನ.

ಒಳಗಿರುವವರು ಕೆಲವೊಮ್ಮೆ ತುಟಿಯಲ್ಲೇ ಮಾತಾಡುತ್ತಾರೆ. ಮೂರನೇ ದಿನವೇ ಅವಳು ಮಾತಾಡಿದ್ದಳು. ನಾನು ಮುದ್ದೆ ಆರುತ್ತದೆ ಎಂದು ಬೈದದ್ದಕ್ಕೆ ಕಣ್ಣು ಮುಚ್ಚಿಕೊಂಡೇ ನಕ್ಕು, ‘ನಾಳೆ ಬಾ’ ಎಂದಳು. ನಿಮಗೆ ಅದರ ಕಥೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ದೆವ್ವ ಮನೆಯವರ ದನಿಯಲ್ಲೇ ಬಾಗಿಲಲ್ಲಿ ನಿಂತು ಕರೆಯುತ್ತದೆ, ಓಗೊಟ್ಟರೆ ಕೆಟ್ಟೆವು. ಅದಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದು. ಓದಿಕೊಂಡು ಅದು ಹೊರಟುಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತದೆ. ನಮ್ಮಜ್ಜಿ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಚಿಕ್ಕವಳಾಗಿದ್ದಾಗ ತಲೆಗೆ ಎಣ್ಣೆ ಹಚ್ಚಲು ಕರೆದರೆ ಚಿಕ್ಕಿ ಕದದ ಹಿಂದೆ ನಿಂತು, ‘ನಾಳೆ ಬಾ ದೆವ್ವಾ, ನಾಳೆ ಬಾ’ ಎಂದು ನನ್ನನ್ನು ಅಣಕಿಸುತ್ತಿದ್ದಳು. ಆದ್ದರಿಂದ ಆ ದಿನ ನನಗೆ ಸಂತೋಷವೇ ಆಯಿತು, ಅಕ್ಕ ಎಂದು ಗುರುತು ಹಿಡಿದೇ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಹತ್ತು ದಿನ ಹಾಗೇ ಅಂದುಕೊಂಡೆ. ಆಮೇಲೆ ಅವಳ ನಗು ನಿಂತಿತು, ಮಾತು ಮಾತ್ರ ಉಳಿಯಿತು.

ನನ್ನ ಬೈಗುಳವನ್ನು ಅವಳು ನಂಬುವುದಿಲ್ಲ. ಅದು ಒಳಗೆ ದಿನಾ ಸಂಜೆ ಸಿಗುತ್ತದೆ, ಕುರ್ಚಿಯಲ್ಲಿ ಅವಳೇ ಕೂತಿದ್ದಾಳೆಂದು ಬೈದ ಬೈಗುಳ ಬೇರೆ. ಸರಿ, ಬೇರೆ ಏನಾದರೂ ಹೇಳೋಣವೆಂದು ಮೊನ್ನೆ ಜನ್ಮದಲ್ಲೇ ಮೊದಲ ಸಲ ಮೆಲ್ಲಗೆ ಕರೆದೆ. ‘ಬಾ ಕಂದ, ನಂಗೆ ಒಬ್ಳಿಗೇ ಇರಕ್ಕಾಗ್ತಿಲ್ಲ’ ಎಂದೆ. ಅವಳು ಹುಬ್ಬು ಗಂಟಿಕ್ಕಿದಳು. ‘ಯಾರು ನೀನು? ನಮ್ಮಕ್ಕ ಹಿಂಗೆಲ್ಲಾ ಮಾತಾಡಲ್ಲ’ ಎಂದು ಮುಖ ಆ ಕಡೆ ತಿರುಗಿಸಿಕೊಂಡಳು. ಬೈದರೆ ಆಟ, ಮುದ್ದು ಮಾಡಿದರೆ ದೆವ್ವ. ನನಗೆ ಮೂರನೇ ದನಿ ಇಲ್ಲ. ಇಂದು ಹನ್ನೊಂದಕ್ಕೆ ಮತ್ತೆ ಬೈದೆ. ನಾಳೆ ಬಾ ಎಂದಳು. ಮೇಲ್ವಿಚಾರಕನ ಬಳಿ ಹೋಗಿ, ‘ನಾಳೆ ಬಾ ಅಂದವ್ಳೆ, ಒಂದು ದಿನ ಕೊಡಪ್ಪಾ’ ಎಂದೆ. ‘ಎಲ್ಲರೂ ಹಂಗೇ ಅಂತಾರಮ್ಮ’ ಎಂದ. ಒಳ್ಳೆಯ ಹುಡುಗ, ಬೈಯಲು ಮನಸ್ಸು ಬರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಮಂಜು, ಹಡಗು, ತೊಟ್ಟಿಕ್ಕುವ ನಲ್ಲಿ ಎಲ್ಲ ಇಟ್ಟುಕೊಳ್ಳಿ. ಬೇಡವೆಂದರೆ ನೀವೇನು ಕೇಳುವವರಲ್ಲ. ಊಟಕ್ಕೆ ಕರೆಯುವ ದನಿಯೊಂದನ್ನು ಮಾತ್ರ ಆಟದೊಳಕ್ಕೆ ತರಬೇಡಿ. ಯಾರಾದರೂ ಓದಿದವರು ಬಂದು ನಿಮ್ಮನ್ನು ಹೊಗಳಿ ಅದನ್ನು ಕೇಳಿದರೆ ಪೊರಕೆ ತೋರಿಸಿ. ಇನ್ನು ಆ ಪಟ್ಟಿ ಬರೆದವನು ನಿಮ್ಮಲ್ಲಿದ್ದರೆ, ಅವನಮ್ಮ ಇನ್ನೂ ಕರೆಯುತ್ತಿದ್ದರೆ, ಎದ್ದು ಹೋಗಲಿ. ಅವಳಿನ್ನೂ ಒಬ್ಬಳೇ ಇದ್ದಾಳೆ, ಆಟದ ಹೊರಗೆ ಒಂದೇ ಕಡೆ ಇದ್ದಾಳೆ.

ನಾಲ್ಕು ಗಂಟೆಗೆ ಇನ್ನೊಂದು ಕರೆ ಉಳಿದಿದೆ. ಬುತ್ತಿಯಲ್ಲಿ ಮುದ್ದೆ ತಂದಿದ್ದೇನೆ, ನಿಜವಾಗಿಯೂ ಆರುತ್ತಿದೆ. ಹೋಗಿ ಕೂಗುತ್ತೇನೆ. ಬೈದೇ ಕೂಗುತ್ತೇನೆ. ನನಗೆ ಬೇರೆ ಬರುವುದಿಲ್ಲ.

ಇಂತಿ,
ದೊಡ್ಡತಾಯಮ್ಮ
ಚಿಕ್ಕತಾಯಮ್ಮನ ಅಕ್ಕ