ಬ್ರೇಕಿಗೆ ಹಚ್ಚಿದ ಕೆಂಪು

ಸೆಪ್ಟೆಂಬರ್ 22, ರವಿವಾರ. ಬೆಳಿಗ್ಗೆ 11

ಕಾರಿನ ಮುಂದಿನ ಎಡಗಾಲಿ ಬಿಚ್ಚಿದೆ. ನಾಲ್ಕು ನಟ್ಟಿಗೆ ಒಂದು ತಾಸು. ಒಳಗೆ ಕ್ಯಾಲಿಪರ್ — ಬ್ರೇಕಿನ ಪ್ಯಾಡ್ ಹಿಡಿದು ಗಾಲಿಯ ಡಿಸ್ಕಿಗೆ ಒತ್ತುವ ಕಬ್ಬಿಣದ ಮುಷ್ಟಿ. ತುಕ್ಕು, ಆಳಂದದ ಕರಿ ಮಣ್ಣು. ಇಷ್ಟು ವರ್ಷ ಇದರ ಮುಖವನ್ನೇ ನೋಡಿರಲಿಲ್ಲ. ನೋಡಿದ್ದರೆ ಹೆಂಡತಿ ಜಯಮಾಲಾಳ ಮಣಿಕಟ್ಟು ಮುರಿಯುತ್ತಿರಲಿಲ್ಲ.

ಬರೆದೇಬಿಡುತ್ತೇನೆ, ಯಾರು ಓದಬೇಕಾಗಿದೆ. ಏಪ್ರಿಲ್‌ನಿಂದ ಬ್ರೇಕ್ ಕಿರ್ ಎನ್ನುತ್ತಿತ್ತು. ಅವಳು ದಿನಾ ಹೇಳುತ್ತಿದ್ದಳು. ನಾನು ದಿನಾ ‘ನಾಳೆ’ ಎನ್ನುತ್ತಿದ್ದೆ. ಜೂನ್‌ನಲ್ಲಿ ನಿಂತ ಟ್ರ್ಯಾಕ್ಟರ್ ಟ್ರಾಲಿಗೆ ಹೋಗಿ ಗುದ್ದಿದೆ. ನನಗೊಂದು ಗೀರೂ ಇಲ್ಲ. ಅವಳ ಬಲಗೈ... ಊರವರ ಬ್ಲೌಸ್ ಹೊಲಿಯುವ ಕೈ. ಮೂಳೆ ಕೂಡಿತು. ಕತ್ತರಿ ಮಾತ್ರ ಮೊದಲಿನ ಹಾಗೆ ತಿರುಗಲಿಲ್ಲ. ಪಂಚಮಿಗೆಂದು ಅಫಜಲಪುರಕ್ಕೆ, ತವರಿಗೆ ಹೋದವಳು ಬಂದಿಲ್ಲ. ಹೋಗುವಾಗ ಬಸ್ಸಿನ ಕಿಟಕಿಯಿಂದ ಹೇಳಿದ್ದು: “ನಿಮ್ಮ ನಾಳೆ ಸಾಕಾಗ್ಯಾದ ನನಗ. ಬ್ರೇಕ್ ಸರಿ ಮಾಡಿ ತೋರ್ಸ್ರಿ, ಆಮ್ಯಾಲ ಕರೀರಿ.”

ದಸರೆಗೆ ಬನ್ನಿ ಕೊಡಲು ಹೋಗಿ ಕರೆದುಕೊಂಡು ಬರಬೇಕು. ಬರುತ್ತಾಳೆಯೇ? ನಂಬಿಕೆ ಕಡಿಮೆ.

ಅದೇ ದಿನ, ಸಂಜೆ

ಡೀಸೆಲ್‌ನಲ್ಲಿ ಬ್ರಷ್ ಅದ್ದಿ ತಿಕ್ಕುತ್ತಿದ್ದೆ. ಎದುರಿನ ಗ್ಯಾರೇಜಿನ ಹುಸೇನಸಾಬ ಓಡಿ ಬಂದು ಡಬ್ಬಿ ಕಸಿದ.

“ಏನ್ ಮಾಡಾಕತ್ತೀರಿ ಬಾಂಡ್ ಸಾಹೇಬ್ರ! ಬ್ರೇಕಿಗೆ ಯಾರರೆ ಎಣ್ಣಿ ಮುಟ್ಟಿಸ್ತಾರೇನ್ರಿ? ಪ್ಯಾಡಿಗೆ ಒಂದ್ ಹನಿ ಹತ್ತಿದ್ರ ಖಲಾಸ್. ಗಾಡಿ ನಿಂದ್ರಂಗಿಲ್ಲ, ಜಾರ್ತದ.”

ಬಾಂಡ್ ಸಾಹೇಬ — ತಹಶೀಲ್ ಕಚೇರಿ ಮುಂದೆ ಕುಳಿತು ಮಂದಿಯ ಬಾಂಡ್, ಅರ್ಜಿ ಬರೆಯುತ್ತೇನಲ್ಲ, ಅದಕ್ಕೆ. ಬ್ರೇಕ್ ತೊಳೆಯುವ ಸ್ಪ್ರೇ ಅವನೇ ಕೊಟ್ಟ. ಬೈಗುಳವೂ ಜೊತೆಗೆ.

ಸೆಪ್ಟೆಂಬರ್ 29, ರವಿವಾರ

ಸ್ಪ್ರೇ ಹೊಡೆ, ತಂತಿ ಬ್ರಷ್‌ನಿಂದ ತಿಕ್ಕು, ಒರೆಸು. ಮತ್ತೆ ಅದೇ. ಉಗುರೆಲ್ಲ ಕಪ್ಪು. ರಬ್ಬರ್, ಪೈಪ್, ಡಿಸ್ಕ್ — ಎಲ್ಲಕ್ಕೂ ಟೇಪ್ ಸುತ್ತಿದೆ. ಬಿಸಿ ತಡೆಯುವ ಪೇಂಟ್, ತೆಳ್ಳಗೆ ಮೂರು ಕೋಟ್. ಕೆಂಪು.

ಕೆಂಪೇ ಯಾಕೆ ಎಂದ ಹುಸೇನಸಾಬ. ಗಾಲಿಯ ಸಂದಿಯಿಂದ ಎದ್ದು ಕಾಣಬೇಕು ಎಂದೆ.

“ಬ್ರೇಕ್ ಕಾಣೂದು ಬ್ಯಾಡ್ರಿ, ಹಿಡೀಬೇಕು.”

ಇವನಿಗೇನು ಗೊತ್ತು. ಇವನ ಹೆಂಡತಿ ಮನೆಯಲ್ಲಿದ್ದಾಳೆ.

ಅಕ್ಟೋಬರ್ 6, ರವಿವಾರ

ಬಲಗಾಲಿಯದೂ ಮುಗಿಯಿತು. ಹೊಸ ಪ್ಯಾಡ್. ಹುಸೇನಸಾಬ ಓಡಿಸಿ ನೋಡಿ ತಲೆ ಆಡಿಸಿದ. ಜಯಮಾಲಾಳಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ಮೂರು ಕೋಟ್ ಕೂಡ. “ಬರ್ರಿ, ನೋಡೂನು” ಎಂದಳು. ಅಷ್ಟೇ. ಆ ‘ನೋಡೂನು’ ಹಿಡಿದುಕೊಂಡು ಊಟ ಮಾಡಿದೆ.

ಅಕ್ಟೋಬರ್ 13, ರವಿವಾರ. ಬೆಳಿಗ್ಗೆ 7

ನಿನ್ನೆ ದಸರೆ. ಬನ್ನಿ ಪೇಪರಿನಲ್ಲಿ ಕಟ್ಟಿಕೊಂಡಿದ್ದೇನೆ. ಹೊರಟೆ.

ಅಕ್ಟೋಬರ್ 17, ಗುರುವಾರ

ನಾಲ್ಕು ದಿನ ಪೆನ್ ಮುಟ್ಟಿಲ್ಲ. ಮಂದಿಯ ಬಾಂಡ್ ಕೂಡ ಬರೆದಿಲ್ಲ.

ಹೋಗುವಾಗ ಕಾಲಿಟ್ಟರೆ ಸಾಕು, ಕಾರು ನಿಲ್ಲುತ್ತಿತ್ತು. ಜಯಮಾಲಾಳಿಗೆ ಬನ್ನಿ ಕೊಟ್ಟು “ಬಂಗಾರದಂಗ ಇರೂನು” ಎಂದೆ. ಬಲಗೈ ಚಾಚಿದಳು. ಬೆರಳು ಪೂರ್ತಿ ಮಡಚಲಿಲ್ಲ, ಎರಡು ಎಲೆ ಕೆಳಗೆ ಬಿದ್ದವು. ಅತ್ತೆ ಗೌರಾಬಾಯಿ ಆರಿಸಿಕೊಟ್ಟರು. ಆ ಮನೆಯಲ್ಲಿ ನನ್ನ ಕಡೆ ಮಾತಾಡುವವರು ಅವರೊಬ್ಬರೇ.

ಅತ್ತೆಯನ್ನು ಕಾರಿನ ಹತ್ತಿರ ಕರೆದೆ. “ಅತ್ತಿ, ಗಾಲಿ ಸಂದ್ಯಾಗ ಕೆಂಪಗ ಕಾಣ್ತದಲ್ರಿ, ಇದೇ ನೋಡ್ರಿ. ನನ್ನ ಕೈಯಾರ ಮಾಡೀನಿ.”

“ಛಂದ ಆಗ್ಯಾದ ಅಳಿಯಪ್ಪ.”

ಜಯಮಾಲಾ ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಒಳಗೆ ಹೋಗಿ ಚೀಲ ತಂದಿಟ್ಟಳು. ಆ ಚೀಲ ನೋಡಿ ನನಗೆ ಅಳು ಬಂತು. ನಾವು ಊಟಕ್ಕೆ ಕುಳಿತಾಗ ಅತ್ತೆ ಹೊರಗೆ ಕಾರಿಗೆ ಪೂಜೆ ಮಾಡಿದರು.

ಜಯಮಾಲಾಳನ್ನು ಕೂರಿಸಿಕೊಂಡು ಓಣಿಯಲ್ಲಿ ಮೆಲ್ಲಗೆ ಬಂದೆ, ಬ್ರೇಕಿನ ಕೆಲಸ ಬೀಳಲಿಲ್ಲ. ಊರ ಹೊರಗೆ ಹಳ್ಳದ ಇಳಿಜಾರಿನಲ್ಲಿ ಎಮ್ಮೆ ಅಡ್ಡ ಬಂತು. ಒತ್ತಿದೆ. ಜಾರಿತು. ಮತ್ತೆ ಒತ್ತಿದೆ — ಹ್ಯಾಂಡ್ ಬ್ರೇಕ್ ಎಳೆದೆ — ಜಾಲಿಕಂಟಿಗೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಎಮ್ಮೆಗೂ.

ಅವಳು ಬಲಗೈಯನ್ನು ಎದೆಗೆ ಅವಚಿಕೊಂಡಿದ್ದಳು. ಬೈದಿದ್ದರೆ ಬದುಕುತ್ತಿದ್ದೆ. “ಬಣ್ಣ ಛಲೋ ಹಚ್ಚೀರಿ” ಎಂದಳು. ಇಳಿದಳು. ಎಡಗೈಯಲ್ಲಿ ಚೀಲ ಹಿಡಿದು ತವರಿನ ಕಡೆ ನಡೆದಳು. ಕೂಗಿದೆ. ತಿರುಗಲಿಲ್ಲ.

ಒಂದನೇ ಗೇರಿನಲ್ಲಿ ಆಳಂದದ ತನಕ ಬಂದೆ. ಒಬ್ಬನೇ.

ಅಕ್ಟೋಬರ್ 20, ರವಿವಾರ

ಗಾಲಿ ಬಿಚ್ಚಿದೆ. ಕೆಂಪಿನ ಮೇಲೆಲ್ಲ ಎಣ್ಣೆ. ಡಿಸ್ಕಿನ ಮೇಲೆ, ಪ್ಯಾಡಿನೊಳಗೆ. ಕುಂಕುಮವೂ ಇತ್ತು. ಹುಸೇನಸಾಬ ಮೂಸಿ ನೋಡಿದ. “ಶೇಂಗಾ ಎಣ್ಣಿ! ಯಾವ ಶಾಣ್ಯಾ ಮಾಡ್ಯಾನ್ರಿ ಇದನ್ನ?”

ಗೊತ್ತಾಯಿತು. ಕುಂಕುಮ ಒರೆಸಿ ಹಾಕಿದೆ.

ಮಧ್ಯಾಹ್ನ ಅತ್ತೆಯ ಫೋನ್. ಅಳುತ್ತಿದ್ದರು. “ಮಗಳನ್ನ ಗಂಡನ ಮನಿಗಿ ಕಳಿಸುವಾಗ ಗಾಡಿ ಕೀಲಿಗಿ ಎಣ್ಣಿ ಬಿಡೂದು ನಮ್ಮ ಮನಿ ಪದ್ಧತಿ ಅಳಿಯಪ್ಪ. ನೀವ್ ತೋರ್ಸಿದ್ರಲ್ಲ, ಆ ಕೆಂಪು ಕೀಲು, ಎರಡೂ ಕಡಿ ಕೈತುಂಬ ಬಿಟ್ಟಿದ್ದೆ. ಆದ್ರೂ ಹಿಂಗಾಯ್ತು. ನನ್ನ ಮಗಳ ನಸೀಬ ನೋಡ್ರಿ...”

ಮಾತು ಬಾಯಿ ತನಕ ಬಂತು. “ನೀವ್ ಅಳಬ್ಯಾಡ್ರಿ ಅತ್ತಿ” ಎಂದು ಇಟ್ಟುಬಿಟ್ಟೆ.

ಹೇಳಿದರೆ ಜಯಮಾಲಾ ಬಂದರೂ ಬರಬಹುದು. ಆದರೆ ‘ಮಗಳ ಸಂಸಾರಕ್ಕೆ ನಾನೇ ಎಣ್ಣೆ ಸುರಿದೆ’ ಎಂದು ಆ ಮುದುಕಿ ಅನ್ನ ನೀರು ಬಿಡುತ್ತಾಳೆ. ಅಲ್ಲದೆ, ಕೈ ಮುರಿದದ್ದು ಯಾರ ಎಣ್ಣೆಯಿಂದ? ಅದು ನನ್ನ ‘ನಾಳೆ’ಯಿಂದ. ಆದರೂ... ಜೀವನದಲ್ಲಿ ಒಂದೇ ಒಂದು ಕೆಲಸ ನಾಳೆ ಎನ್ನದೆ ಮಾಡಿದ್ದೆ. ಆ ಕೆಂಪು ಹಚ್ಚದಿದ್ದರೆ, ತೋರಿಸದಿದ್ದರೆ, ಅತ್ತೆಯ ಕಣ್ಣಿಗೇ ಬೀಳುತ್ತಿರಲಿಲ್ಲ.

ನವೆಂಬರ್ 4, ಸೋಮವಾರ

ಕಚೇರಿ ಮುಂದಿನ ನನ್ನ ಮೇಜಿಗೆ ದೌಲತರಾಯ ಬಂದ. ಜಯಮಾಲಾಳ ತಮ್ಮ. ಪಾಳಿ ಹಚ್ಚಿ ನಿಂತಿದ್ದ, ಎಲ್ಲರಂತೆ. ಸ್ಟಾಂಪ್ ಪೇಪರ್ ಮುಂದಿಟ್ಟ.

“ಸೋಡಚೀಟಿ ಬರೀರಿ ಮಾಮಾ, ಅಕ್ಕನ್ನ ಬಿಟ್ಟೀನಂತ. ಊರಾಗ ಎಲ್ಲಾರ ಬಿಡುಗಡಿ ನೀವೇ ಬರೀತೀರಂತ, ನಿಮ್ಮದೂ ನೀವೇ ಬರೀಬೇಕಂತ. ನಾಳೆ ಅನಬ್ಯಾಡ್ರಿ ಅಂತ ಹೇಳ್ಯಾಳ ಅಕ್ಕ.”

“ಕೋರ್ಟಿನ್ಯಾಗ ಇದು ನಡ್ಯಾಂಗಿಲ್ಲೋ ತಮ್ಮಾ.”

“ಆಕಿಗಿ ಗೊತ್ತದ. ನಿಮ್ಮ ಕೈಲೆ ಬರೆದದ್ದು ಬೇಕಂತ.” ಆಮೇಲೆ ಮೆಲ್ಲಗೆ: “ಖರೇ ಹೇಳ್ರಿ ಮಾಮಾ, ಬ್ರೇಕ್ ಬಿಚ್ಚಿ ಮಾಡಿದ್ರ್ಯೋ, ಬರೇ ಮ್ಯಾಲ ಬಣ್ಣ ಹೊಡೆದ್ರ್ಯೋ? ಅವ್ವ ಕೇಳಿ ಕೇಳಿ ಸಾಯಾಕತ್ತಾಳ.”

ಚಹಾ ಕುಡಿದು ಬಾ ಎಂದು ಕಳಿಸಿದ್ದೇನೆ. ಸ್ಟಾಂಪ್ ಪೇಪರ್ ಮೇಲೆ ಹೊಡೆದುಹಾಕುವಂತಿಲ್ಲ, ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಸಿದ್ದಲಿಂಗ, ಸಾಕಿನ ಆಳಂದ, ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಡುವುದೇನೆಂದರೆ — ಅಕ್ಟೋಬರ್ 13ನೇ ದಿವಸ ಬ್ರೇಕ್ ಹಿಡಿಯದೆ ಹೋದ ತಪ್ಪು ಪೂರ್ತಿ ನನ್ನದೇ ಇರುತ್ತದೆ. ಇದರಲ್ಲಿ ಬೇರೆ ಯಾರ ಕೈಯೂ ಇರುವುದಿಲ್ಲ. ಸದರಿ ಬ್ರೇಕನ್ನು ನಾನು ಬಿಚ್ಚಿರುವುದಿಲ್ಲ, ತೊಳೆದಿರುವುದಿಲ್ಲ, ಕೇವಲ ಮೇಲೆ ಮೇಲೆ ಕೆಂಪು ಬಣ್ಣ ಹಚ್ಚಿರುತ್ತೇನೆ.